ಎಲ್ಲರೂ ಒಂದೇ ಪಾತ್ರೆಯಿಂದ ಉಣ್ಣಬಹುದಾದ ನಾಬೆ

ಊಟದ ಮೇಜಿನ ನಡುವೆ ಒಲೆಯಿಟ್ಟು, ಮೀನು, ಸೀಗಡಿ, ತರಕಾರಿಗಳನ್ನು ಒಂದೇ ಪಾತ್ರೆಯ ತಿಳಿಸಾರಿನಲ್ಲಿ ಬೇಯಿಸುತ್ತಾ, ಮನೆಮಂದಿಯೆಲ್ಲ ಅದರಿಂದಲೇ ಬಡಿಸಿಕೊಳ್ಳುವ ಜಪಾನಿ ಅಡುಗೆಯನ್ನು ನಾಬೆ ಎನ್ನುತ್ತಾರೆ. ಬೀದರ್‌ನ ಡಿಸೆಂಬರ್ ಚಳಿಗೆ ಇಷ್ಟು ಒಪ್ಪುವ ಊಟ ನನಗೆ ಬೇರೆ ತಿಳಿದಿಲ್ಲ. ಆದರೆ ನಮ್ಮ ಅಕ್ಕನ ಮಗನಿಗೆ ಸೀಗಡಿ, ಗೋಧಿ ಮತ್ತು ಸೋಯಾ ಅಲರ್ಜಿಯಿದೆ. ಮೀನು ತಿನ್ನಬಹುದೆಂದು ವೈದ್ಯರು ಪರೀಕ್ಷಿಸಿ ಹೇಳಿದ್ದಾರೆ.

ಇಂಥ ಊಟದಲ್ಲಿ ಅವನೊಬ್ಬನ ಬಟ್ಟಲಿಗೆ ಸೀಗಡಿ ಹಾಕದಿದ್ದರೆ ಸಾಲದು. ಸೀಗಡಿಯ ಅಲರ್ಜಿಗೆ ಮುಖ್ಯ ಕಾರಣವಾದ ಟ್ರೋಪೊಮಯೋಸಿನ್ ಎಂಬ ಪ್ರೋಟೀನು ಎಷ್ಟು ಕುದಿಸಿದರೂ ತನ್ನ ಗುಣ ಬಿಡದೆ ಸಾರಿಗೆ ಇಳಿಯುತ್ತದೆ, ಹಬೆಯಲ್ಲೂ ಸೇರುತ್ತದೆ. ಏಡಿಯಲ್ಲಿಯೂ ಇದೇ ಬಗೆಯ ಪ್ರೋಟೀನು ಇರುವುದರಿಂದ ಅದನ್ನೂ ಬಿಡುತ್ತೇನೆ. ಮೀನಿನ ಅಲರ್ಜಿಗೆ ಕಾರಣವಾಗುವ ಪಾರ್ವಾಲ್ಬ್ಯುಮಿನ್ ಬೇರೆಯದೇ ಪ್ರೋಟೀನು. ಹೈದರಾಬಾದ್ ಕಡೆಯಿಂದ ಐಸಿನಲ್ಲಿ ಬರುವ ಸುರ್ಮಾಯಿ ಮೀನನ್ನು ಇಡಿಯಾಗಿ ತಂದು, ಚೆನ್ನಾಗಿ ತೊಳೆದು, ನಮ್ಮ ಚಾಕುವಿನಿಂದಲೇ ತುಂಡು ಮಾಡುತ್ತೇನೆ. ಏಕೆಂದರೆ ಅಂಗಡಿಯ ಹಲಗೆಯ ಮೇಲೆ ಸೀಗಡಿಯನ್ನೂ ಬಿಡಿಸಿರುತ್ತಾರೆ. ಅರೆದ ಮೀನಿನಿಂದ ಮಾಡಿದ, ಏಡಿಮಾಂಸದಂತೆ ಕಾಣುವ ಸುರಿಮಿ ಕಡ್ಡಿಗಳಲ್ಲಿ ಸಾಮಾನ್ಯವಾಗಿ ಗೋಧಿ ಮತ್ತು ಮೊಟ್ಟೆ ಇರುವುದರಿಂದ ಅವೂ ಬೇಡ.

ಸೋಯಾ ಸಾಸ್ ಇಲ್ಲದೆ ಜಪಾನಿ ರುಚಿ ಬಾರದೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಸಾರಿನ ಆಳವಾದ ರುಚಿ ಬರುವುದು ಕೊಂಬು ಎಂಬ ಒಣಗಿಸಿದ ಕಡಲ ಪಾಚಿಯಿಂದ. ಅದರಲ್ಲಿನ ಗ್ಲುಟಮೇಟ್ ಈ ರುಚಿಗೆ ಕಾರಣವೆಂದು 1908ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ ಗುರುತಿಸಿದರು. ಒಂದು ಲೀಟರ್ ನೀರಿಗೆ 10 ಗ್ರಾಂ ಕೊಂಬು ಮತ್ತು ನಾಲ್ಕು ಒಣ ಶಿಟಾಕೆ ಅಣಬೆಗಳನ್ನು ರಾತ್ರಿಯೇ ಫ್ರಿಜ್ಜಿನಲ್ಲಿ ನೆನೆಯಿಟ್ಟು, ಮರುದಿನ ಸಣ್ಣ ಉರಿಯಲ್ಲಿ ಕಾಯಿಸಿ, ಕುದಿ ಬರುವ ಮುನ್ನ ಕೊಂಬು ತೆಗೆದು, ಉಪ್ಪು, ಶುಂಠಿ ಸೇರಿಸಿದರೆ ಸಾರು ಸಿದ್ಧ. ಕಡಲ ಪಾಚಿಗೆ ಪುಟ್ಟ ಸೀಗಡಿಗಳು ಅಂಟಿಕೊಂಡಿರಬಹುದಾದ್ದರಿಂದ ಪೊಟ್ಟಣದ ಮೇಲಿನ ಸೂಚನೆ ಓದಲೇಬೇಕು. ಜಪಾನಿನಲ್ಲಿ ಸೀಗಡಿ, ಏಡಿ, ಗೋಧಿಯನ್ನು ನಮೂದಿಸುವುದು ಕಡ್ಡಾಯವಾದರೂ ಸೋಯಾ ಕೇವಲ ಶಿಫಾರಸಿನ ಪಟ್ಟಿಯಲ್ಲಿದೆ. ಹಾಗಾಗಿ ಅಲ್ಲಿಂದ ಬಂದ ಪೊಟ್ಟಣದಲ್ಲಿ ಪದಾರ್ಥಗಳ ಪಟ್ಟಿಯನ್ನೇ ಪೂರ್ತಿ ನೋಡುತ್ತೇನೆ.

ಮೀನಿಗೆ ಉಪ್ಪು ಸವರಿ ಕಾಲು ಗಂಟೆ ಬಿಟ್ಟು, ಮೇಲೆ ಬಿಸಿನೀರು ಸುರಿದು ತಣ್ಣೀರಿನಲ್ಲಿ ತೊಳೆದರೆ ವಾಸನೆ ಕಡಿಮೆಯಾಗುತ್ತದೆ. ಗಜ್ಜರಿ, ಮೂಲಂಗಿ ಮೊದಲು, ಎಲೆಕೋಸು, ಉಳ್ಳಾಗಡ್ಡಿ ಸೊಪ್ಪು ಆಮೇಲೆ, ಮೀನು ಕೊನೆಗೆ. ನಾಲ್ಕೈದು ನಿಮಿಷ ಸಾಕು. ಉದೊನ್ ಎಂಬ ದಪ್ಪ ಜಪಾನಿ ಶಾವಿಗೆ ಗೋಧಿಯದಾದ್ದರಿಂದ ಅದರ ಬದಲು ಹೆಸರುಕಾಳಿನ ಪಿಷ್ಟದ ಶಾವಿಗೆ ಹಾಕುತ್ತೇನೆ. ನಂಜಿಕೊಳ್ಳಲು ತುರಿದ ಮೂಲಂಗಿ, ಒಣಮೆಣಸಿನ ಪುಡಿ, ನಿಂಬೆರಸ, ಉಪ್ಪು ಇರುತ್ತವೆ. ಉಳಿದ ಸಾರಿಗೆ ಅನ್ನ ಹಾಕಿ ಕುದಿಸಿ, ಒಡೆದು ಕದಡಿದ ಮೊಟ್ಟೆ ಸುರಿದು ಮುಚ್ಚಿಡುವುದು ಜಪಾನಿನ ವಾಡಿಕೆ. ಮೊಟ್ಟೆಯ ಅಲರ್ಜಿಯಿರುವವರ ಮನೆಯಲ್ಲಿ ಅನ್ನವೊಂದೇ ಸಾಕು.