ಸರ್, ನಿಮಗೆ ಫೋನ್

"ನಡುವೆ ಬಂದು ತಲೆ ತಿನ್ನಬೇಡಿ ಅಮ್ಮಾ."

ಬುಧವಾರ ಮೀಟಿಂಗ್ ಕೋಣೆಯ ಬಾಗಿಲು ಅರ್ಧ ತೆರೆದು, ದನಿ ತಗ್ಗಿಸಿ, "ಸರ್, ನಿಮಗೆ ಫೋನ್ ಇದೆ" ಎಂದ ಸ್ವಾಗತಕಾರಿಣಿ ನನಗೆ ನಮ್ಮ ಸಾಹೇಬರಿಂದ ಸಿಕ್ಕ ಉತ್ತರ. ತಲೆ ಎತ್ತಿ ನೋಡಲೂ ಇಲ್ಲ. ಆ ಕರೆ ಬಂದರೆ ಎಲ್ಲಿದ್ದರೂ ತಿಳಿಸಿ ಎಂದು ಬೆಳಿಗ್ಗೆ ಹೇಳಿದ್ದವರೂ ಅವರೇ. ಒಳಗಿದ್ದವರಲ್ಲಿ ಇಬ್ಬರು ನಕ್ಕರು. ನನಗೆ ಹೆಚ್ಚು ಸಿಟ್ಟು ಬಂದದ್ದು ಅವರ ಮೇಲೆ. ಬೈದವರಿಗೆ ಏನೋ ಒತ್ತಡವಿತ್ತು ಅನ್ನೋಣ, ಇವರಿಗೇನಿತ್ತು?

ಸ್ವಾಗತಕಾರಿಣಿಯ ಆ ಪಿಸುದನಿ ಹುಟ್ಟಿನಿಂದ ಬರುವುದಿಲ್ಲ. ಬಾಗಿಲ ಹಿಡಿ ಸದ್ದಾಗಬಾರದು, ಕೋಣೆಯ ಮಾತು ಮುರಿಯಬಾರದು, ಬೇಕಾದವರಿಗೆ ಮಾತ್ರ ಕೇಳಬೇಕು. ವರ್ಷಗಟ್ಟಲೆ ಮಾಡಿ ಮಾಡಿ ಕೂಡಿಬರುವ ವಿದ್ಯೆ ಇದು. ಸಂಬಳದ ಚೀಟಿಯಲ್ಲಿ ಅದಕ್ಕೆ ಕಾಲಂ ಇಲ್ಲ, ಅಷ್ಟೆ.

ರಾತ್ರಿ ಪಾತ್ರೆ ತೊಳೆಯುವಾಗಲೂ "ತಲೆ ತಿನ್ನಬೇಡಿ ಅಮ್ಮಾ" ಕಿವಿಯಲ್ಲೇ ಇತ್ತು. ಹಾಗೆಯೇ ಕ್ಯಾಥಿ ರೆಡ್‌ಫರ್ನ್ ನೆನಪಾದಳು. ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನ ಸ್ಟ್ರಾಬೆರಿ ಎಂಬ ಹಾಡು ಮುದ್ರಿಸುವ ಸ್ಟುಡಿಯೋದಲ್ಲಿ ನನ್ನದೇ ಕೆಲಸ ಮಾಡುತ್ತಿದ್ದವಳು. ಟೆನ್ ಸಿಸಿ (10cc) ಎಂಬ ಇಂಗ್ಲಿಷ್ ಪಾಪ್ ತಂಡದ 'ಐಯಾಮ್ ನಾಟ್ ಇನ್ ಲವ್' ಹಾಡಿನ ನಡುವೆ ಪಿಸುಗುಡುವ ಹೆಣ್ಣುದನಿ ಅವಳದು. ಅಣ್ಣನ ಕ್ಯಾಸೆಟ್‌ನಲ್ಲಿ ಆ ಹಾಡನ್ನು ಸವೆಯುವಷ್ಟು ಕೇಳಿದ್ದೇನೆ.

ಹೆಂಡತಿಗೆ ಪ್ರೀತಿಯ ಮಾತು ಸಾಕಷ್ಟು ಸಲ ಹೇಳುವುದಿಲ್ಲ ಎಂಬ ದೂರಿನಿಂದ ಆ ತಂಡದ ಎರಿಕ್ ಸ್ಟೀವರ್ಟ್‌ಗೆ ಹೊಳೆದ ಹಾಡು ಅದು. ಬರೆದವರೆಂದು ಅವನ ಮತ್ತು ಜೊತೆಗಾರ ಗ್ರಹಾಂ ಗೌಲ್ಡ್‌ಮನ್ ಹೆಸರಿದೆ. ಮೊದಲು ಬೋಸಾನೋವಾ ಎಂಬ ಬ್ರೆಜಿಲ್ ತಾಳದಲ್ಲಿ ಮಾಡಿದ್ದರು. ತಂಡದ ಕೆವಿನ್ ಗಾಡ್ಲಿಗೆ ಚೂರೂ ಹಿಡಿಸಲಿಲ್ಲ, ಬದಿಗೆ ಸರಿಸಿದರು. ಆದರೆ ಸ್ಟುಡಿಯೋದ ಕೆಲಸದವರು ಅದನ್ನೇ ಗುನುಗುತ್ತಿದ್ದರು. ಮತ್ತೆ ಕೈಗೆತ್ತಿಕೊಂಡಾಗ ವಾದ್ಯಗಳ ಬದಲು ಮನುಷ್ಯರ ದನಿಯನ್ನೇ ತುಂಬೋಣ ಎಂದವನು ಅದೇ ಗಾಡ್ಲಿ. ತಂಡದ ಮೂವರು ಒಂದೊಂದು ಸ್ವರವನ್ನು 16 ಸಲ ಹಾಡಿದರು, ಸ್ವರಕ್ಕೆ 48 ದನಿ. ಆ ಟೇಪುಗಳ ಎರಡು ತುದಿಗಳನ್ನು ಬಳೆಯಂತೆ ಅಂಟಿಸಿ ಸುತ್ತಲು ಬಿಟ್ಟು, ದನಿ ಏರಿಸಿ ಇಳಿಸುವ ಮಿಕ್ಸಿಂಗ್ ಮೇಜನ್ನು ಹಾರ್ಮೋನಿಯಂನಂತೆ ನುಡಿಸಿದರು.

ಆದರೂ ನಡುವೆ ಏನೋ ಕೊರತೆ. ಆಗ ಕ್ಯಾಥಿ ಬಾಗಿಲು ತೆರೆದು ಮೆಲ್ಲಗೆ, ಎರಿಕ್, ನಿಮಗೆ ಫೋನ್ ಬಂದಿದೆ ಎಂದಳು. ಒಳಗಿದ್ದ ಗಂಡಸರು ತಲೆ ಎತ್ತಿದರು. ಇದೇ ದನಿ ಬೇಕಾಗಿತ್ತು ಎಂದರು! ಅವಳು ಒಪ್ಪದೆ ಹಿಂಜರಿದಳು. ಪುಸಲಾಯಿಸಿ ಮೈಕಿನ ಮುಂದೆ ನಿಲ್ಲಿಸಿದರು. ಸುಮ್ಮನಿರು, ದೊಡ್ಡ ಹುಡುಗರು ಅಳುವುದಿಲ್ಲ ಎಂದು ಅದೇ ಪಿಸುದನಿಯಲ್ಲಿ ಹೇಳಿಸಿದರು.

1975ರಲ್ಲಿ ಆ ಹಾಡು ಬ್ರಿಟನ್ನಿನಲ್ಲಿ ಎರಡು ವಾರ ಮೊದಲ ಸ್ಥಾನದಲ್ಲಿತ್ತು. ಅಮೆರಿಕದಲ್ಲಿ ಮೂರು ವಾರ ಎರಡನೆಯದು. ವಾರಕ್ಕೊಂದು ಬೇರೆ ಹಾಡು ಮೇಲೆ ಬಂದು ಕೂತು ಅದನ್ನು ಏರಲು ಬಿಡಲಿಲ್ಲ. ಮರುವರ್ಷ ಗಾಡ್ಲಿ ಮತ್ತು ಲಾಲ್ ಕ್ರೀಮ್ ತಂಡವನ್ನೇ ಬಿಟ್ಟು ಹೊರಟರು. ಕಿವಿ ಚೆನ್ನಾಗಿದ್ದರೂ ಒಟ್ಟಿಗೆ ಬಾಳುವುದು ಗಂಡಸರ ತಂಡಗಳಿಗೆ ಕಷ್ಟವೇ.

ಶುಕ್ರವಾರ ನಮ್ಮ ಸಾಹೇಬರು ಮೇಜಿನ ಬಳಿ ನಿಂತು, "ಬುಧವಾರದ ಆ ಕರೆ ಬರಲೇ ಇಲ್ಲವಲ್ಲ?" ಎಂದರು. "ಬಂದಿತ್ತು ಸರ್" ಎಂದೆ, ಈ ಸಲ ದನಿ ತಗ್ಗಿಸದೆ. ನಕ್ಕಿದ್ದ ಇಬ್ಬರೂ ತಿರುಗಿ ನೋಡಿದರು.

ನನ್ನ ಕುತೂಹಲವೆಲ್ಲ ಎರಿಕ್‌ಗೆ ಫೋನ್ ಮಾಡಿದ್ದವರ ಮೇಲೆ. ಅಷ್ಟೆಲ್ಲ ಗಲಾಟೆಯಲ್ಲಿ ಅವರು ಲೈನಿನಲ್ಲೇ ಕಾದಿರಬೇಕು. ಕೊನೆಗೆ ಕ್ಯಾಥಿಯೇ ಹೋಗಿ, ಸ್ವಲ್ಪ ಹೊತ್ತು ಬಿಟ್ಟು ಮಾಡಿ, ಅವರು ಕೆಲಸದಲ್ಲಿದ್ದಾರೆ ಎಂದಿರುತ್ತಾಳೆ, ಬಿಡಿ.