ಕೂಳೆ ಕಬ್ಬು ಕೊಳೆಸಿದ ಕಥೆ

ಹೋದ ವರ್ಷ ಮಂಡ್ಯ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ನೆನಪಿನ ಪುಸ್ತಕದ ಕರಡು ತಿದ್ದಲು ಒಪ್ಪಿಕೊಂಡೆ. 176 ಪುಟ, ಅಂದರೆ ಹದಿನಾರು ಪುಟಕ್ಕೊಂದರಂತೆ ಅಚ್ಚಾಗುವ 11 ಫಾರಂ. ಪುಟಕ್ಕೆ 25 ರೂಪಾಯಿ. ಪ್ರಕಾಶಕರು ಕೊಟ್ಟಿದ್ದು ಐದೇ ದಿನ. ಕರಡು ತಿದ್ದುವುದು ಅಂದರೆ ಸುಮ್ನೆ ಓದಿ ಕಳಿಸುವುದು ಅಂತ ಅವರ ಲೆಕ್ಕ.

ಫೈಲು 'ನುಡಿ' ತಂತ್ರಾಂಶದ ಅಕ್ಷರದಿಂದ ಯೂನಿಕೋಡ್‌ಗೆ ಬರುವಷ್ಟರಲ್ಲಿ ಅರ್ಕಾವತ್ತೆಲ್ಲ ಚೆಲ್ಲಾಪಿಲ್ಲಿ. ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆ. ಎರಡು ದಿನ ಅದಕ್ಕೇ ಹೋಯಿತು. ಮೇಷ್ಟ್ರ ಹಕಾರವೂ ಅಷ್ಟಕ್ಕಷ್ಟೆ. ಮರದ ಮೇಲೆ 'ಅಕ್ಕಿ' ಕೂತಿತ್ತು. ಮಂಡ್ಯದ ಸಕ್ಕರೆ ಕಂಪನಿ ಶುರುವಾದದ್ದು 1933ರಲ್ಲಿ ಹೌದಾ, ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕ ಕೋಲ್ಮನ್ ಹೆಸರು ಸರಿ ಇದೆಯಾ, ಇರ್ವಿನ್ ನಾಲೆ ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ ತಾನೆ, ಎಲ್ಲ ನೋಡಿದೆ. ಅಷ್ಟು ನೋಡಿದವಳಿಗೆ ಜಂಬ ಬರದೇ ಇರುತ್ತಾ?

ಅಲ್ಲಲ್ಲಿ 'ಕೂಳೆ ಕಬ್ಬು' ಅಂತ ಇತ್ತು. ಅಕ್ಕಿ ಹಾರಿಸಿದ ಮನುಷ್ಯ, ಇದೂ ಕೈತಪ್ಪು ಅಂದುಕೊಂಡೆ. ಫೈಂಡ್, ರಿಪ್ಲೇಸ್ ಆಲ್. 41 ಕಡೆ 'ಕೊಳೆ' ಆಯಿತು. ನಾನು ಮೈಸೂರಿನ ಸರಸ್ವತಿಪುರಂನಲ್ಲಿ ಬೆಳೆದವಳು. ನನಗೆ ಕಬ್ಬು ಅಂದರೆ ಸಂಕ್ರಾಂತಿಗೆ ಎಳ್ಳಿನ ಜೊತೆ ಬರುವ ತುಂಡು.

ಪ್ರಕಾಶಕರು ಪಿಡಿಎಫ್ ಅನ್ನು ಮೇಷ್ಟ್ರಿಗೆ ಕಳಿಸಿದ್ದು ಮುದ್ರಣ ಶುರುವಾದ ಮೇಲೆ. ಬೆಳಿಗ್ಗೆ ಒಂಬತ್ತಕ್ಕೆ ಫೋನ್.

"ಏನ್ ಮೇಡಂ, ನಮ್ ಗದ್ದೆ ಕಬ್ಬನ್ನೆಲ್ಲ ಕೊಳ್ಸ್‌ಬುಟ್ರಲ್ಲ!"

ನನಗೆ ಅರ್ಥವಾಗಲಿಲ್ಲ. ಅವರು ಬೈಯಲಿಲ್ಲ. ಪಾಠ ಮಾಡಿದರು. ಕಬ್ಬು ಕಡಿದ ಮೇಲೆ ಬುಡ ಹಾಗೇ ಬಿಡುತ್ತಾರೆ. ಅದು ಮತ್ತೆ ಚಿಗುರಿ ಬೆಳೆದರೆ ಕೂಳೆ. ಹೊಸದಾಗಿ ಬಿತ್ತನೆ ಹಾಕುವ ಖರ್ಚಿಲ್ಲ. ಅವರ ಅಪ್ಪ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ್ದೇ ಕೂಳೆ ದುಡ್ಡಲ್ಲಿ. ನಾನು ಆ ಅಧ್ಯಾಯದಲ್ಲಿ 'ಅಪ್ಪ ಕೊಳೆ ಕಬ್ಬು ಮಾರಿ ಮದುವೆ ಮಾಡಿದರು' ಅಂತ ಮಾಡಿದ್ದೆ.

ಪ್ರೆಸ್‌ಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಮಷೀನ್ ಓಡುವಾಗ ಅಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ ಅಂತ ನನಗೆ ಗೊತ್ತು. ಸ್ಕೂಟರ್ ತೆಗೆದು ಅಗ್ರಹಾರದ ಕಡೆ ಹೊರಟೆ. ಸಿಗ್ನಲ್‌ನಲ್ಲಿ ನಿಂತಷ್ಟೂ ಹೊತ್ತು ಒಂದೊಂದು ಹಾಳೆ ಹೊರಗೆ ಬೀಳುವ ಸದ್ದು ತಲೆಯಲ್ಲಿ. ಒಳಗೆ ನುಗ್ಗಿ 'ನಿಲ್ಸಿ' ಅಂತ ಕೂಗಿದಾಗ ಎರಡು ಫಾರಂ ಮುಗಿದು ಮೂರನೆಯದು ಏರುತ್ತಿತ್ತು.

ಆ ಎರಡು ಫಾರಂನ ಕಾಗದದ ದುಡ್ಡು ನನ್ನ ಬಿಲ್ಲಿನಲ್ಲಿ ಹಿಡಿದುಕೊಂಡರು. ಮುದ್ರಣಕ್ಕೆ ಮುಂಚೆ ಲೇಖಕರಿಗೆ ತೋರಿಸದ ತಪ್ಪು ಯಾರದು ಅಂತ ಕೇಳಬೇಕಿತ್ತು. ಕೇಳಲಿಲ್ಲ. ಬಾಕಿಯೂ ಅವರ ಕೈಯಲ್ಲೇ ಇತ್ತಲ್ಲ! ಈಗ ಅರ್ಧ ದುಡ್ಡು ಮೊದಲೇ ತಗೋತೀನಿ. ಲೇಖಕರು ನೋಡಿ 'ಸರಿ' ಅಂತ ಮೆಸೇಜ್ ಹಾಕದೆ ಫೈಲು ಪ್ರೆಸ್‌ಗೆ ಹೋಗಬಾರದು ಅಂತ ಬರೆದೇ ಕೊಡ್ತೀನಿ. ಗೊತ್ತಿಲ್ಲದ ಪದ ಕಂಡರೆ ತಿದ್ದುವುದಿಲ್ಲ, ಪಕ್ಕದಲ್ಲಿ ಪ್ರಶ್ನೆ ಹಾಕ್ತೀನಿ. ತಿದ್ದಿದ್ದೆಲ್ಲ ಗುರುತಾಗಿ ಕಾಣುವ ಟ್ರ್ಯಾಕ್ ಚೇಂಜಸ್ ಕಂಡರೆ ತಲೆನೋವು ಅಂತ ಪ್ರಕಾಶಕರು ಗೊಣಗಿದರೆ ಗೊಣಗಲಿ.

ಅವತ್ತು ಮಾತ್ರ ಪ್ರೆಸ್ಸಿನ ಕಂಪ್ಯೂಟರ್ ಮುಂದೆ ಕೂತು, ನಡುಗುವ ಕೈಯಲ್ಲಿ, 'ಕೊಳೆ' ಇದ್ದಲ್ಲೆಲ್ಲ 'ಕೂಳೆ' ಅಂತ ಮತ್ತೆ ರಿಪ್ಲೇಸ್ ಆಲ್ ಒತ್ತಿದೆ. ಪುಸ್ತಕ ಬಿಡುಗಡೆಯಾಯಿತು. 141ನೇ ಪುಟದಲ್ಲಿ ಮೇಷ್ಟ್ರ ತಾಯಿ ಸಂತೆಯಿಂದ ತಂದ ಬುಟ್ಟಿಯಲ್ಲಿ 'ಕೂಳೆತ ಟೊಮೆಟೊ' ಇವೆ. ಮೇಷ್ಟ್ರು ಇನ್ನೂ ಫೋನ್ ಮಾಡಿಲ್ಲ.