ಸತ್ತ ಮೇಲೆ ಸಿಗುವ ಉತ್ತರ

ಬ್ರಿಟನ್‌ನಲ್ಲಿ ಹುಚ್ಚು ಹಸು ರೋಗದ (ದನಗಳ ಮಿದುಳನ್ನೇ ಹಾಳುಮಾಡುವ ಕಾಯಿಲೆ) ಮೇಲೆ ಈಗಲೂ ಹೇಗೆ ಕಣ್ಣಿಟ್ಟಿದ್ದಾರೆ ಅಂತ ರಾತ್ರಿಯೆಲ್ಲ ಓದುತ್ತಾ ಕೂತಿದ್ದೆ. 4 ವರ್ಷ ದಾಟಿದ ದನ ಹೊಲದಲ್ಲೋ ಕೊಟ್ಟಿಗೆಯಲ್ಲೋ ತಾನಾಗಿ ಸತ್ತರೆ ಅದರ ಮಿದುಳಿನ ಬುಡದ ಚೂರನ್ನು ಲ್ಯಾಬ್‌ನಲ್ಲಿ ಪರೀಕ್ಷಿಸಲೇಬೇಕು. ಬದುಕಿರುವ ಹಸುವಿನ ರಕ್ತ ನೋಡಿ ಹೇಳೋಣ ಅಂದರೆ ಅಂಥ ಪರೀಕ್ಷೆಯೇ ಅಲ್ಲಿಲ್ಲ.

ರೋಗ ಗುರುತಾಗಿದ್ದು 1986ರಲ್ಲಿ. ಅದು ಹರಡಿದ್ದು ಮೇವಿನಿಂದ. ಮೇವಿಗೆ ದನಗಳದ್ದೇ ಮಾಂಸ, ಮೂಳೆಯ ಪುಡಿ ಬೆರೆಸುತ್ತಿದ್ದರು. ಹುಲ್ಲು ತಿನ್ನುವ ಜೀವಕ್ಕೆ ಅದರ ಜಾತಿಯದ್ದೇ ಮೂಳೆ! ಇದನ್ನು ಓದಿದಾಗಲೆಲ್ಲ ಹೊಟ್ಟೆ ತೊಳಸಿದಂತಾಗುತ್ತದೆ. 1988ರಲ್ಲಿ ಆ ಮೇವನ್ನು ನಿಷೇಧಿಸಿದರು. ಆದರೆ ರೋಗ ಮೈಯೊಳಗೆ ನಾಲ್ಕೈದು ವರ್ಷ ಸುಮ್ನೆ ಕೂತಿರುತ್ತದೆ. ಹಾಗಾಗಿ 1992ರಲ್ಲಿ, ನಿಷೇಧ ಬಂದು ನಾಲ್ಕು ವರ್ಷವಾದ ಮೇಲೂ, ಒಂದೇ ವರ್ಷದಲ್ಲಿ 37,000ಕ್ಕೂ ಜಾಸ್ತಿ ಹಸುಗಳಲ್ಲಿ ಕಾಣಿಸಿಕೊಂಡಿತು. 1996ರಲ್ಲಿ ಮನುಷ್ಯರಿಗೂ ದಾಟಿದೆ ಅಂತ ಸರ್ಕಾರ ಒಪ್ಪಿಕೊಂಡಿತು.

2024ರ ಮೇ ತಿಂಗಳಲ್ಲಿ ಸ್ಕಾಟ್ಲೆಂಡ್‌ನ ಏರ್‌ಶೈರ್‌ನಲ್ಲಿ ಈ ರೋಗವಿದ್ದ ಒಂದು ಹಸು ಸಿಕ್ಕಿತು. ಇದು ಮೇವಿನಿಂದ ಬಂದ ಬಗೆಯಲ್ಲ, ವಯಸ್ಸಾದ ದನಗಳಲ್ಲಿ ಅಪರೂಪಕ್ಕೆ ತಾನಾಗಿ ಹುಟ್ಟುವಂಥದ್ದು. ಅದರ ಮಾಂಸ ಯಾರ ತಟ್ಟೆಗೂ ಹೋಗಲಿಲ್ಲ.

ನನಗೆ ಅಲ್ಲಿ ದನ ಸಾಕುವ ರೈತರದ್ದೇ ಯೋಚನೆ. ಸಾಕಿದ ಹಸು ಸತ್ತ ದುಃಖದಲ್ಲೇ ಫೋನ್ ಮಾಡಿ ತಿಳಿಸಬೇಕು. ವರದಿ ಬರುವವರೆಗೆ ಉಳಿದ ಹಸುಗಳ ಮುಖ ನೋಡುತ್ತಾ ಕಾಯಬೇಕು. ಎಷ್ಟು ಕಷ್ಟ ಅಲ್ವಾ?